ಎರಡೂವರೆ ಮಿಲಿಮೀಟರ್ ಮೂಳೆ

ಹಲ್ಲಿನ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅಚ್ಚಿನಕ್ಕ ಎನ್ನುತ್ತಾರೆ. ಡಾಕ್ಟರುಗಳು ರೋಗಿಗಳ ಬಾಯಿಂದ ತೆಗೆದು ಕಳಿಸುವ ಮೆತ್ತನೆಯ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ದವಡೆಯ ಮಾದರಿ ತೆಗೆಯುವುದು ಅವಳ ಕೆಲಸ. ಸುಲಭದ ಕೆಲಸ ಅಂದುಕೊಳ್ಳಬೇಡಿ. ನೀರು ಒಂದು ಚಮಚ ಹೆಚ್ಚಾದರೆ ಹಲ್ಲಿನ ತುದಿ ಪುಡಿಯಾಗುತ್ತದೆ, ಅಚ್ಚಿನಲ್ಲಿ ಒಂದು ಗುಳ್ಳೆ ಇದ್ದರೆ ಮಾದರಿಯಲ್ಲಿ ಇಲ್ಲದ ಗಂಟೊಂದು ಏಳುತ್ತದೆ. ಆಮೇಲೆ ಯಾರದೋ ಬಾಯಿಗೆ ಹಲ್ಲಿನ ಸೆಟ್ ಕೂರದೆ ಬೈಗುಳವೆಲ್ಲ ಲ್ಯಾಬಿನ ತಲೆಗೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳಿಂದ ಹಾಗೆ ಆದದ್ದು ಬೆರಳಲ್ಲಿ ಎಣಿಸುವಷ್ಟು. ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದರೆ ಸಾಕು, ಮುಖ ಗುರುತು ಸಿಗದಿದ್ದರೂ ಬಾಯಿ ಗುರುತು ಸಿಗುತ್ತದೆ. ಇದು ನಾನು ಮಾಡಿದ ಮೇಲ್ದವಡೆ ಅಲ್ಲವೇ ಅಂದುಕೊಂಡು ಕಿಟಕಿಯ ಕಡೆ ತಿರುಗುತ್ತಾಳೆ.

ಲ್ಯಾಬಿನ ಮೂರು ಗೋಡೆಗೂ ಕಪಾಟು. ಕಪಾಟಿನ ತುಂಬ ಬಾಯಿಗಳು. ಅವುಗಳ ಮೇಲೆ ಹೆಸರು ಬರೆಯುವ ಪದ್ಧತಿ ಇಲ್ಲ, ತಳದಲ್ಲಿ ಮೊಳೆಯಿಂದ ಗೀಚಿದ ನಂಬರು ಮಾತ್ರ. ಅದರಲ್ಲಿ ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ಇಲ್ಲ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಒಬ್ಬರೇ ಇರಲು ಹೆದರುತ್ತಾರೆ. ಅಚ್ಚಿನಕ್ಕ ಅವರನ್ನು ನೋಡಿ ನಗುತ್ತಾಳೆ. "ಪ್ಲಾಸ್ಟರ್ ಏನು ಕಚ್ಚುತ್ತಾ? ಕೆಲಸ ಮಾಡಿ," ಎನ್ನುತ್ತಾಳೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಯಾಕೆಂದರೆ ಅವಳಿಗೆ ಮೇಲಿನ ನಾಲ್ಕು ಬಾಚಿಹಲ್ಲು ಇಲ್ಲ. ಇರುವುದು ತೆಗೆದು ಹಾಕಿಕೊಳ್ಳುವ ಕಟ್ಟುಹಲ್ಲಿನ ಪ್ಲೇಟು. ಊರಿಗೆಲ್ಲ ಹಲ್ಲು ಕಟ್ಟಿಸುವ ಲ್ಯಾಬಿನಲ್ಲಿದ್ದುಕೊಂಡು ತನ್ನ ಬಾಯಿಗೆ ಮಾತ್ರ ಇಪ್ಪತ್ತಾರು ವರ್ಷದಿಂದ ಅದೇ ಹಳೇ ಪ್ಲೇಟು, ಅದೂ ಯಾರ ಬಾಯಿಗೂ ಸಲ್ಲದ ಸಿದ್ಧ ಹಲ್ಲುಗಳದ್ದು. ಹೊಸ ಹಲ್ಲು ಹಾಕಿಸಿಕೋ ಎಂದು ಲ್ಯಾಬಿನ ಯಜಮಾನ ಹೇಳಿ ಹೇಳಿ ಸುಸ್ತಾಗಿದ್ದ. ಅವಳಿಗೆ ಅದು ಬೇಕಿರಲಿಲ್ಲ. ಆ ಖಾಲಿ ಜಾಗ ತನಗೆ ಸಲ್ಲಬೇಕಾದ್ದು ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಹಲ್ಲು ಹೋದ ದಿನವೇ ಅವಳ ತಂಗಿಯೂ ಹೋದಳು. ತಂಗಿಗೆ ಇಪ್ಪತ್ತು ವರ್ಷ, ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಮಧ್ಯಾಹ್ನದ ಹೊತ್ತು. ಕ್ಲಿನಿಕ್ ಮುಚ್ಚುವುದರೊಳಗೆ ಸೆಟ್ಟುಗಳ ಡಬ್ಬಿ ತಲುಪಿಸಬೇಕಿತ್ತು. ಅಕ್ಕತಂಗಿ ಇಬ್ಬರೂ ಅಪ್ಪನ ಸ್ಕೂಟರಿನಲ್ಲಿ ಹೊರಟಿದ್ದರು. ತಿರುವಿನಲ್ಲಿ ಯಾರೋ ಮನೆ ಕಟ್ಟುವವರು ಸುರಿದಿದ್ದ ಜಲ್ಲಿ. ಗಾಡಿ ಜಾರಿತು. ಒಬ್ಬಳ ಬಾಯಿಗೆ ಹ್ಯಾಂಡಲ್ ಬಡಿಯಿತು, ಇನ್ನೊಬ್ಬಳು ಹಾರಿ ಮುಂದೆ ಬಿದ್ದು ರಸ್ತೆಯಂಚಿನ ಕಲ್ಲಿಗೆ ತಲೆ ಹೊಡೆಸಿಕೊಂಡಳು.

ಆಸ್ಪತ್ರೆಗೆ ತಂದವರು, ಗಾಡಿ ಓಡಿಸುತ್ತಿದ್ದವಳು ಮುಂದೆ ಬಿದ್ದಿದ್ದ ಚಿಕ್ಕವಳೇ ಎಂದು ಬರೆಸಿದರು. ಗುಬ್ಬಿ ಆಗಷ್ಟೇ ಗಾಡಿ ಕಲಿತಿದ್ದಳು, ದಿನಾ ಕೀಲಿಗಾಗಿ ಅಪ್ಪನ ಬೆನ್ನು ಬೀಳುತ್ತಿದ್ದಳು, ಹಾಗಾಗಿ ಅಪ್ಪ ಅಮ್ಮ ಒಂದು ಮಾತೂ ಕೇಳದೆ ನಂಬಿದರು. ದೊಡ್ಡವಳ ಬಾಯಿಗೆ ಹೊಲಿಗೆ, ದವಡೆಗೆ ತಂತಿ. ಹನ್ನೊಂದು ದಿನ ಅವಳು ಮಾತಾಡಲಾರದೆ ಮಲಗಿದ್ದಳು. ಹನ್ನೆರಡನೆಯ ದಿನ ಮಾತು ಬಂತು. ನಿಜವನ್ನು ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುವುದರಲ್ಲಿ ಅಪ್ಪ ತೀರಿಕೊಂಡ. ಉಳಿದದ್ದು ಅಮ್ಮ ಒಬ್ಬಳು. ಅವಳಿಗಂತೂ ಹೇಳುವ ಧೈರ್ಯ ಎಲ್ಲಿಂದ ತರುವುದು?

ಅಮ್ಮ ದಿನಕ್ಕೊಮ್ಮೆಯಾದರೂ ಗೋಡೆಯ ಫೋಟೋ ಮುಂದೆ ನಿಂತು ಸತ್ತ ಮಗಳನ್ನು ಬೈಯುತ್ತಾಳೆ. "ಏನು ಆತುರ ಇತ್ತೇ ನಿಂಗೆ? ಮೆತ್ತಗೆ ಓಡಿಸಿದ್ರೆ ಗಂಟೇನು ಹೋಗ್ತಿತ್ತು? ನೀನೂ ಹೋದೆ, ಅಕ್ಕನ ಬಾಯೂ ಹಾಳು ಮಾಡಿಟ್ಟೆ." ಅಡುಗೆಮನೆಯಲ್ಲಿ ನಿಂತು ದೊಡ್ಡವಳು ಅದನ್ನು ಕೇಳಿಸಿಕೊಳ್ಳುತ್ತಾಳೆ. ಇಪ್ಪತ್ತಾರು ವರ್ಷ ಕೇಳಿಸಿಕೊಂಡಿದ್ದಾಳೆ. ಅಂಥದ್ದನ್ನು ಕೇಳಿಸಿಕೊಂಡೂ ತಟ್ಟೆಗೆ ಅನ್ನ ಬಡಿಸುವುದಕ್ಕೆ ಎಂಥಾ ಕಲ್ಲೆದೆ ಬೇಕು ಎಂದು ನೀವು ಕೇಳಬಹುದು. ಕಲ್ಲೇನಲ್ಲ, ಹೇಡಿತನ. ಅವಳಿಗೂ ಅದು ಚೆನ್ನಾಗಿ ಗೊತ್ತು.

ಇನ್ನೊಂದು ಮಾತು ಅವಳು ಯಾರಿಗೂ ಹೇಳಿಲ್ಲ. ಬಸ್ಸಿನಲ್ಲಿ ನಿಂತಾಗ, ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುತ್ತ ಬಗ್ಗಿದಾಗ, ಹಿಂದಿನಿಂದ ಎರಡು ಕೈ ಬಂದು ಸೊಂಟ ಹಿಡಿದುಕೊಳ್ಳುತ್ತವೆ. ಸಣ್ಣ ಕೈ. ಎಡಗೈಯ ಹಿಡಿತ ಬಲಗೈಯದಕ್ಕಿಂತ ಗಟ್ಟಿ. ತಿರುಗಿ ನೋಡಿದರೆ ಯಾರೂ ಇಲ್ಲ. ಮೊದಮೊದಲು ಎದೆ ಧಸಕ್ಕೆನ್ನುತ್ತಿತ್ತು, ಈಗ ಹಾಗೇ ಅಲುಗಾಡದೆ ನಿಲ್ಲುತ್ತಾಳೆ. ಒಂದೆರಡು ಉಸಿರಿನಷ್ಟು ಹೊತ್ತು ಇದ್ದು ಬಿಡುತ್ತವೆ.

ಹೀಗೇ ಕಳೆದುಹೋಗುತ್ತಿತ್ತೇನೋ. ಆದರೆ ಈ ವರ್ಷ ಪ್ಲೇಟು ನಿಲ್ಲುವುದನ್ನೇ ಬಿಟ್ಟಿತು. ಮಾತಾಡುವಾಗ ಜಾರುತ್ತಿತ್ತು, ಒಂದು ದಿನ ಊಟದ ತಟ್ಟೆಗೇ ಬಿತ್ತು. ಅಮ್ಮನಿಗೆ ಕಣ್ಣಿನೊತ್ತಡದ ಕಾಯಿಲೆ. ಸುತ್ತಲಿನ ನೋಟವೆಲ್ಲ ಹೋಗಿ ನಟ್ಟನಡುವೆ ಒಂದು ನಾಣ್ಯದಷ್ಟು ಜಾಗ ಮಾತ್ರ ಕಾಣುತ್ತದೆ, ಅದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮುಖವನ್ನಾದರೂ ತುಂಡು ತುಂಡಾಗಿ ನೋಡಬೇಕು: ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಬಾಯಿ. ತಟ್ಟೆಗೆ ಬಿದ್ದ ಹಲ್ಲನ್ನು ಅವಳು ನೋಡಲಿಲ್ಲ, ಸದ್ದು ಕೇಳಿದಳು.

"ನನ್ನ ಕಣ್ಣು ಪೂರ್ತಿ ಹೋಗೋದ್ರೊಳಗೆ ನಿನ್ನ ಬಾಯಲ್ಲಿ ಸರಿಯಾಗಿ ಹಲ್ಲು ನೋಡ್ಬೇಕು ನಾನು," ಎಂದಳು. "ಹೋದವಳಂತೂ ಹೋದ್ಲು. ಅವಳು ಕೆಡಿಸಿದ್ದನ್ನಾದ್ರೂ ಸರಿ ಮಾಡ್ಕೋ."

ಆ ಮಾತಿಗೆ ಇಲ್ಲ ಅನ್ನಲು ಅವಳ ಹತ್ತಿರ ಕಾರಣ ಇರಲಿಲ್ಲ. ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ.

ಕ್ಲಿನಿಕ್ ಮೊದಲ ಮಹಡಿಯಲ್ಲಿತ್ತು. ಕಡಿದಾದ ಮೆಟ್ಟಿಲು, ಹಿಡಿಯಲು ಕಂಬಿಯೂ ಇಲ್ಲ. ಅಮ್ಮನಿಗೆ ಕಾಲ ಕೆಳಗಿನದು ಕಾಣುವುದಿಲ್ಲವಾದ್ದರಿಂದ ಮಗಳ ಭುಜ ಹಿಡಿದು ಹಿಂದೆ ಹಿಂದೆ ಹತ್ತಿದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಲ್ಯಾಬಿನ ಹಳೇ ಗಿರಾಕಿ. ಅಚ್ಚಿನಕ್ಕನ ಮಾದರಿ ಎಂದರೆ ಅವಳಿಗೆ ಕಣ್ಣುಮುಚ್ಚಿ ನಂಬಿಕೆ. ಸ್ಕ್ಯಾನ್ ತೆಗೆದು ಪರದೆಯ ಮೇಲೆ ದವಡೆಯನ್ನು ಹೋಳು ಹೋಳಾಗಿ ತೋರಿಸಿದಳು.

"ಡಾಕ್ಟ್ರೇ, ಇಂಪ್ಲಾಂಟ್ ಅಂದ್ರೆ ಮೊದ್ಲು ಮೂಳೆ ಹಾಕ್ಲೇಬೇಕಾ? ಪಕ್ಕದ ಮನೆಯವರು ಹಂಗಂತಾರೆ," ಎಂದು ಅಮ್ಮನೇ ಕೇಳಿದಳು.

"ಎಲ್ಲರಿಗೂ ಬೇಕಾಗಲ್ಲ ಅಜ್ಜಿ. ಎಷ್ಟೋ ಜನಕ್ಕೆ ಇರೋ ಮೂಳೆಗೇ ಸೀದಾ ತಿರುಪು ಕೂರಿಸ್ತೀನಿ, ಅದ್ರ ಮೇಲೆ ಹಲ್ಲು. ಸ್ವಲ್ಪ ಕಮ್ಮಿ ಇದ್ರೆ ತಿರುಪು ಹಾಕೋವಾಗ್ಲೇ ಪಕ್ಕಕ್ಕೆ ಒಂದಿಷ್ಟು ಮೂಳೆಪುಡಿ ತುಂಬಿದ್ರೆ ಆಯ್ತು. ತೀರಾ ಇಲ್ಲ ಅಂದಾಗ ಮಾತ್ರ ಮೊದ್ಲು ಮೂಳೆ ಹಾಕಿ, ಐದಾರು ತಿಂಗಳು ಕಾದು, ಅದು ಕೂಡ್ಕೊಂಡ ಮೇಲೆ ತಿರುಪು." ಪೆನ್ನಿನ ತುದಿಯನ್ನು ಪರದೆಗೆ ಇಟ್ಟಳು. "ಅಕ್ಕಂದು ತೀರಾ ಇಲ್ಲ ಅನ್ನೋ ಲೆಕ್ಕ. ಆರು ಮಿಲಿಮೀಟರ್ ಅಗಲ ಇದ್ರೆ ಧೈರ್ಯವಾಗಿ ಕೂರಿಸ್ಬಹುದಿತ್ತು. ಇಲ್ಲಿ ಎರಡೂವರೆ ಇದೆ."

"ಎಲ್ಲಿ ಹೋಯ್ತು ಮೂಳೆ?"

"ಹಲ್ಲಿಲ್ಲದಿದ್ರೆ ಮೂಳೆಗೆ ಕೆಲಸ ಇಲ್ಲ. ಕೆಲಸ ಇಲ್ಲದ ಮೂಳೆನ ದೇಹ ಇಟ್ಕೊಳ್ಳಲ್ಲ, ಕರಗಿಸಿಬಿಡುತ್ತೆ. ಹೆಚ್ಚು ಕರಗೋದು ಮೊದಲ ವರ್ಷದಲ್ಲೇ. ಆಗ್ಲೇ ಏನಾದ್ರೂ ಮಾಡಿದ್ರೆ ಇಷ್ಟೆಲ್ಲಾ ಬೇಕಿರ್ಲಿಲ್ಲ." ಅವಳು ಅಚ್ಚಿನಕ್ಕನ ಕಡೆ ತಿರುಗಿದಳು. "ಹಲ್ಲಿನ ಮಧ್ಯೆನೇ ಇರೋರು, ಇಷ್ಟು ವರ್ಷ ಯಾಕಕ್ಕ ಸುಮ್ನೆ ಬಿಟ್ರಿ?"

ಪರದೆಯ ಮೇಲೆ ಆ ಮೂಳೆ ಚಾಕುವಿನ ಅಲಗಿನಷ್ಟು ತೆಳ್ಳಗೆ ಬೆಳ್ಳಗೆ ನಿಂತಿತ್ತು. ಅಚ್ಚಿನಕ್ಕನ ಸೊಂಟದ ಮೇಲೆ ಎರಡು ಕೈ ಬಂದು ಕೂತವು. ಈ ಸಲ ಬೇಗ ಬಿಡಲಿಲ್ಲ.

ಮೂಳೆ ಎಲ್ಲಿಂದ ತರುವುದೆಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಬಾಟಲಿಯಲ್ಲಿ ಬರುವುದೂ ಇದೆ, ಸತ್ತವರು ದಾನ ಕೊಟ್ಟದ್ದನ್ನು ಶುದ್ಧ ಮಾಡಿ ಪುಡಿ ಮಾಡಿರುತ್ತಾರೆ, ಹೆದರುವಂಥದ್ದು ಏನೂ ಇಲ್ಲ. ಇಲ್ಲವಾದರೆ ಕೆಳದವಡೆಯ ಹಿಂದಿನಿಂದ ಅವಳದೇ ಒಂದು ಚೂರು ತೆಗೆದು ಮುಂದೆ ಕೂರಿಸಬಹುದು. ಆದರೆ ಎರಡು ಕಡೆ ಗಾಯ, ನೋವೂ ಹೆಚ್ಚು.

"ಸತ್ತವರದ್ದು ಬೇಡ," ಎಂದಳು ಅಚ್ಚಿನಕ್ಕ. "ನಂದೇ ತೆಗೀರಿ. ನೋವಾದ್ರೆ ಆಗ್ಲಿ."

ಮೊದಲು ಹಲ್ಲು ಎಲ್ಲಿ ಬರಬೇಕು ಎಂಬುದು ತೀರ್ಮಾನವಾಗಬೇಕು, ಅದನ್ನು ನೋಡಿಕೊಂಡು ಮೂಳೆ ಎಲ್ಲಿ, ಎಷ್ಟು ಎಂದು ಗೊತ್ತುಮಾಡುವುದು. ಹಾಗಾಗಿ ಡಾಕ್ಟರಮ್ಮ ಮೇಣದಲ್ಲಿ ನಾಲ್ಕು ಹಲ್ಲು ಮಾಡಿ ತರಲು ಹೇಳಿದಳು. ಅದೇ ಆಕಾರದಲ್ಲಿ ಒಂದು ಹೊಸ ಪ್ಲೇಟೂ ಆಗಲಿ, ಮೂಳೆ ಕೂಡಿಕೊಳ್ಳುವ ತಿಂಗಳುಗಳಿಗೆ ಬೇಕಾಗುತ್ತದೆ, ಗಾಯಕ್ಕೆ ಒತ್ತದ ಹಾಗೆ ಆಮೇಲೆ ತಾನು ಉಜ್ಜಿ ಕೊಡುತ್ತೇನೆ ಎಂದಳು. "ನಿಮ್ಮ ಹಳೇ ಹಲ್ಲಿನ ಮಾದರಿ ಇದ್ರೆ ಅದನ್ನೇ ನೋಡ್ಕೊಂಡು ಮಾಡಿ ಅಕ್ಕ."

ಇತ್ತು. ಕಪಾಟಿನ ತಳದಲ್ಲಿ ಒಂದು ರಟ್ಟಿನ ಡಬ್ಬಿ, ಅಪಘಾತವಾದ ಮೇಲೆ ಒಮ್ಮೆಯೂ ತೆರೆಯದ್ದು. ಕೆಲಸ ಕಲಿಯುವ ಹೊಸತರಲ್ಲಿ ಅಕ್ಕತಂಗಿ ಒಬ್ಬರ ಬಾಯಿಯ ಅಚ್ಚು ಒಬ್ಬರು ತೆಗೆದು ಆಟ ಆಡಿದ್ದರು. ಗುಬ್ಬಿ ಆ ಪೇಸ್ಟು ಬಾಯಲ್ಲಿಟ್ಟುಕೊಂಡು ನಕ್ಕೂ ನಕ್ಕೂ ಎರಡು ಸಲ ಕೆಡಿಸಿದ್ದಳು. ಅವತ್ತಿನ ಎರಡು ಮೇಲ್ದವಡೆಗಳು ಆ ಡಬ್ಬಿಯಲ್ಲಿದ್ದವು. ಆಟಕ್ಕೆ ಮಾಡಿದವಾದ್ದರಿಂದ ತಳದಲ್ಲಿ ನಂಬರು ಗೀಚಿರಲಿಲ್ಲ.

ಅಕ್ಕತಂಗಿಯ ಹಲ್ಲು ಹೆಚ್ಚುಕಡಿಮೆ ಒಂದೇ ಥರ. ಒಂದು ವ್ಯತ್ಯಾಸ ಮಾತ್ರ: ದೊಡ್ಡವಳಿಗೆ ಬಲಗಡೆಯ ಎರಡನೇ ಹಲ್ಲು ಸ್ವಲ್ಪ ತಿರುಗಿತ್ತು, ಚಿಕ್ಕವಳಿಗೆ ಎಡಗಡೆಯದು. ಅಚ್ಚಿನಕ್ಕ ಎರಡು ಮಾದರಿಗಳನ್ನೂ ಮೇಜಿನ ಮೇಲಿಟ್ಟು ತನ್ನ ಕಡೆಗೆ ಮುಖ ಮಾಡಿಸಿದಳು. ಒಂದನ್ನು ನೋಡಿದ ಕೂಡಲೇ ಇದೇ ನನ್ನದು ಅನ್ನಿಸಿತು. ಹಳೆಯ ಕಾಲದಲ್ಲಿ ತಲೆ ಬಾಚುವಾಗ ಕನ್ನಡಿಯಲ್ಲಿ ಕಂಡ ಬಾಯಿ ಹಾಗೇ ಇತ್ತು, ತಿರುಗಿದ ಹಲ್ಲು ಅದೇ ಕಡೆಗೆ. ಇನ್ನೊಂದನ್ನು ಬಟ್ಟೆ ಸುತ್ತಿ ಡಬ್ಬಿಗೆ ಹಾಕಿದಳು. ಎದುರಿಗಿಟ್ಟ ಮಾದರಿಯಲ್ಲಿ ಬಲ ಎಡವಾಗಿ ಕಾಣುತ್ತದೆ, ಕನ್ನಡಿಯಲ್ಲಿ ಹಾಗಾಗುವುದಿಲ್ಲ ಎಂಬುದು ಈ ಕಸುಬಿನ ಮೊದಲ ಪಾಠ. ಹೊಸಬರಿಗೆ ಅವಳೇ ಗದರಿಸಿ ಕಲಿಸಿದ ಪಾಠ. ಬೇರೆ ಯಾರ ಬಾಯಿಯಾಗಿದ್ದರೂ ಅವಳು ಎಡವುತ್ತಿರಲಿಲ್ಲ.

ನಾಲ್ಕು ದಿನ ಕೂತು ಮೇಣ ಕೆತ್ತಿದಳು. ಅಷ್ಟು ಅಕ್ಕರೆಯಿಂದ ಅವಳು ಯಾರ ಹಲ್ಲನ್ನೂ ಕೆತ್ತಿರಲಿಲ್ಲ. ಆ ನಾಲ್ಕು ದಿನವೂ ಸೊಂಟದ ಮೇಲಿನ ಕೈಗಳು ಬಿಟ್ಟೂ ಬಿಡದೆ ಇದ್ದವು. ಪಕ್ಕದ ಮೇಜಿನ ಪಾಲಿಶ್ ಮಾಡುವವಳು, "ಯಾಕಕ್ಕ ಸೆಟೆದುಕೊಂಡು ಕೂತಿದ್ದೀರಾ, ಬೆನ್ನು ನೋವಾ?" ಎಂದು ಕೇಳಿದಳು. ಹೌದು ಎಂದಳು.

ಶನಿವಾರ ಮಧ್ಯಾಹ್ನ ಹೊಸ ಪ್ಲೇಟು ಹಾಕಿಕೊಂಡೇ ಮನೆಗೆ ಬಂದಳು. ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು.

"ಬಂದ್ಯಾ? ಆಯ್ತಾ ಹಲ್ಲು? ಬಾ ಇಲ್ಲಿ, ಬೆಳಕಿಗೆ ಬಾ, ನೋಡೋಣ."

ಅವಳು ಅಮ್ಮನ ಮುಂದೆ ಮಂಡಿಯೂರಿ ಕೂತು ಹಲ್ಲು ಬಿಟ್ಟಳು. ಅಮ್ಮ ಗಲ್ಲ ಹಿಡಿದು ತನ್ನ ನಾಣ್ಯದಷ್ಟು ನೋಟವನ್ನು ಹುಡುಕುತ್ತ ಹುಡುಕುತ್ತ ಬಾಯಿಗೆ ತಂದು ನಿಲ್ಲಿಸಿದಳು. ಅಲ್ಲೇ ನಿಂತುಬಿಟ್ಟಳು. ಕೂದಲು ನರೆತದ್ದು ಅವಳಿಗೆ ಕಾಣುತ್ತಿರಲಿಲ್ಲ, ಹಣೆಯ ಗೆರೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಆ ನಾಲ್ಕು ಹಲ್ಲು ಮಾತ್ರ.

"ಗುಬ್ಬಿ," ಎಂದಳು ಅಮ್ಮ.

ಗಲ್ಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ದಿನಾ ಕೇಳ್ತೀನಿ, ಒಂದು ದಿನಾನಾದ್ರೂ ಬಾಯಿ ಬಿಟ್ಯಾ? ಈಗಾದ್ರೂ ಹೇಳೇ. ಯಾಕೆ ಅಷ್ಟು ಜೋರಾಗಿ ಓಡಿಸ್ದೆ?"

ಅಮ್ಮನಿಗೆ ಬುದ್ಧಿಭ್ರಮೆಯೇನೂ ಇರಲಿಲ್ಲ. ಎದುರಿಗೆ ಕಂಡ ಬಾಯಿಯನ್ನು ಕೇಳಿದಳು, ಅಷ್ಟೇ. ಅಚ್ಚಿನಕ್ಕ ನಾಲಿಗೆಯನ್ನು ಹಲ್ಲಿನ ಹಿಂದೆ ಆಡಿಸಿದಳು. ತಿರುಗಿದ ಹಲ್ಲು ಎಡಗಡೆ ಸಿಕ್ಕಿತು. ತನ್ನ ಕೈಯಾರೆ ನಾಲ್ಕು ದಿನ ಕೂತು ಸತ್ತ ತಂಗಿಯ ಹಲ್ಲನ್ನು ಕೆತ್ತಿ ತನ್ನ ಬಾಯಲ್ಲಿಟ್ಟುಕೊಂಡು ಬಂದಿದ್ದಳು.

ಗುಬ್ಬಿಯ ಹಾಗೆಯೇ, ತಪ್ಪಾಯ್ತಮ್ಮ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಮ್ಮ ಒಂದಿಷ್ಟು ಅತ್ತು, ಹೋಗಲಿ ಬಿಡು ಅನ್ನುತ್ತಿದ್ದಳು, ನಾಳೆಯಿಂದ ಫೋಟೋ ಮುಂದೆ ಬೈಗುಳ ಇರುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಗುಬ್ಬಿಯ ಹಲ್ಲಿನಿಂದಲೇ ಗುಬ್ಬಿಯ ಮೇಲೆ ಇನ್ನೊಂದು ಸುಳ್ಳು. ಸೊಂಟದ ಮೇಲೆ ಎಡಗೈ ಬಿಗಿಯಾಯಿತು, ಅವತ್ತು ತಿರುವಿಗೆ ಮುಂಚೆ ಬಿಗಿಯಾದ ಹಾಗೆಯೇ.

ಅವಳು ಹೆಬ್ಬೆರಳು ಹಾಕಿ ಪ್ಲೇಟನ್ನು ಬಾಯಿಂದ ತೆಗೆದಳು.

"ಅಮ್ಮ, ನಾನು. ದೊಡ್ಡೋಳು," ಎಂದಳು. ಹಲ್ಲಿಲ್ಲದ ಬಾಯಲ್ಲಿ ಮಾತು ಸೋರಿ ಸೋರಿ ಬಂತು. "ಗುಬ್ಬಿ ಓಡಿಸ್ಲಿಲ್ಲಮ್ಮ. ಗಾಡಿ ಓಡಿಸ್ತಿದ್ದಿದ್ದು ನಾನು."

ಅಮ್ಮ ಖಾಲಿ ಒಸಡನ್ನು ನೋಡಿದಳು. ನೋಟವನ್ನು ಮೇಲಕ್ಕೆ ತಂದು ಒಂದು ಕಣ್ಣು ನೋಡಿದಳು, ಆಮೇಲೆ ಇನ್ನೊಂದು.

"ಅವಳು ಹಿಂದೆ ಕೂತಿದ್ಲಾ?"

"ಹೂಂ. ಸೊಂಟ ಹಿಡ್ಕೊಂಡಿದ್ಲು."

"ಏನಾದ್ರೂ ಅಂದ್ಲಾ?"

"ನಿಧಾನಕ್ಕೆ ಹೋಗೇ ಅಕ್ಕ, ಅಂದ್ಲು."

"ನೀನು?"

"ಹೋಗ್ಲಿಲ್ಲ."

ಅಮ್ಮನ ಕೈ ಗಲ್ಲ ಬಿಟ್ಟಿತು. ಎದ್ದು, ಗೋಡೆ ತಡವುತ್ತ ತಡವುತ್ತ ಫೋಟೋ ಇದ್ದಲ್ಲಿಗೆ ಹೋಗಿ ಗಾಜಿಗೆ ಹಣೆ ಹಚ್ಚಿ ನಿಂತಳು. "ಇಷ್ಟು ವರ್ಷ ನಿನ್ನ ಬೈದ್ನಲ್ಲೇ ಮಗು," ಎಂದಳು.

ದೊಡ್ಡ ಮಗಳ ಜೊತೆ ಐದು ವಾರ ಮಾತಾಡಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಿದ್ದಳು. ಸಾಕಾ ಎಂದು ಕೇಳಿದರೆ ತಲೆಯಾಡಿಸುತ್ತಿದ್ದಳು. ಫೋಟೋ ಮುಂದೆ ಬೈಗುಳವೂ ನಿಂತಿತು. ಆ ಮನೆಯಲ್ಲಿ ಗಡಿಯಾರದ ಸದ್ದು ಅಷ್ಟು ಜೋರೆಂದು ಅಚ್ಚಿನಕ್ಕನಿಗೆ ಗೊತ್ತೇ ಇರಲಿಲ್ಲ. ಸೊಂಟದ ಮೇಲಿನ ಕೈಗಳೂ ಬರುವುದು ಬಿಟ್ಟವು. ಬಸ್ಸಿನಲ್ಲಿ ಬೇಕೆಂದೇ ಕಂಬಿ ಬಿಟ್ಟು ನಿಂತು ಕಾದಳು. ಬರಲಿಲ್ಲ. ಮೊದಮೊದಲು ಬಂದಾಗ ಹೆದರಿದ್ದವಳು ಈಗ ಬರಲಿಲ್ಲವೆಂದು ಬಸ್ಸಿನಲ್ಲಿ ನಿಂತುಕೊಂಡೇ ಅತ್ತಳು.

ಲ್ಯಾಬಿಗೆ ಹೋಗಿ ಡಬ್ಬಿಯಿಂದ ಇನ್ನೊಂದು ಮಾದರಿ ತೆಗೆದು, ಬಲಗಡೆಯ ಹಲ್ಲು ತಿರುಗಿಸಿ, ಮೇಣವನ್ನೂ ಪ್ಲೇಟನ್ನೂ ಹೊಸದಾಗಿ ಮಾಡಿ ಡಾಕ್ಟರಮ್ಮನಿಗೆ ಒಪ್ಪಿಸಿದಳು. ಗುಬ್ಬಿಯ ಮೇಲ್ದವಡೆಯನ್ನು ಮನೆಗೆ ತಂದು ಫೋಟೋ ಕೆಳಗಿನ ಸಣ್ಣ ಮೇಜಿನ ಮೇಲಿಟ್ಟಳು. ಏನು ಎತ್ತ ಎಂದು ಹೇಳಲಿಲ್ಲ. ಮರುದಿನ ಕೆಲಸದಿಂದ ಬಂದಾಗ ಅದು ಅಮ್ಮನ ಮಡಿಲಲ್ಲಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡು ಆ ತಿರುಗಿದ ಹಲ್ಲನ್ನು ಬೆರಳಿನಿಂದ ಸವರುತ್ತಿದ್ದಳು.

ಮೂಳೆ ಹಾಕುವ ದಿನ ಬಂತು. ಒಬ್ಬಳೇ ಹೋಗುವುದೆಂದು ಚಪ್ಪಲಿ ಮೆಟ್ಟುವಾಗ ನೋಡಿದರೆ ಅಮ್ಮ ಒಳ್ಳೆ ಬಟ್ಟೆ ಉಟ್ಟು ಬಾಗಿಲ ಬಳಿ ನಿಂತಿದ್ದಳು. ಬರುತ್ತೀಯಾ ಎಂದು ಕೇಳಲು ಮಗಳಿಗೆ ಧೈರ್ಯವಾಗಲಿಲ್ಲ. ಆಟೋದಲ್ಲಿ ಇಬ್ಬರೂ ತಮ್ಮ ತಮ್ಮ ಕಡೆಯ ರಸ್ತೆ ನೋಡುತ್ತ ಕೂತರು.

ಕ್ಲಿನಿಕ್ಕಿನ ಮೆಟ್ಟಿಲ ಬುಡದಲ್ಲಿ ಅವಳು ಎಂದಿನಂತೆ ಭುಜ ಕೊಟ್ಟು ಮುಂದೆ ನಿಂತಳು. ಭುಜಕ್ಕೆ ಕೈ ಬರಲಿಲ್ಲ. ಹಿಂತಿರುಗಿ ನೋಡಲೋ ಬೇಡವೋ ಎಂದು ನಿಂತಿರುವಾಗ ಹಿಂದಿನಿಂದ ಎರಡು ಕೈ ಬಂದು ಅವಳ ಸೊಂಟ ಹಿಡಿದವು. ಮುದಿ ಕೈಗಳು, ಬೆಚ್ಚಗಿದ್ದವು.

"ನಿಧಾನಕ್ಕೆ ಹೋಗು," ಎಂದಳು ಅಮ್ಮ.

"ಹೂಂ ಅಮ್ಮ," ಎಂದು ಅವಳು ಒಂದೊಂದೇ ಮೆಟ್ಟಿಲು, ಎರಡೂ ಕಾಲು ಊರಿ ಊರಿ, ನಿಧಾನಕ್ಕೇ ಹತ್ತಿದಳು.